ಮುಟ್ಟಿನ ದಿನಗಳಲ್ಲಿ ಈಜು: ಟ್ಯಾಂಪನ್ ಬಳಸಲು ಹೆದರಿದ್ದ ವಿದ್ಯಾರ್ಥಿನಿಯ ಪ್ರಕರಣ

ಈ ಪ್ರಕರಣವನ್ನು ಬರೆಯಲು ಸಂಬಂಧಪಟ್ಟ ವಿದ್ಯಾರ್ಥಿನಿಯ ಒಪ್ಪಿಗೆಯಿದೆ. ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಇಲ್ಲಿ ಆಕೆಯನ್ನು ಸುಮಾ ಎಂದು ಕರೆಯುತ್ತೇನೆ.

ಸುಮಾಗೆ 20 ವರ್ಷ. ಹಾಸ್ಟೆಲಿನಲ್ಲಿದ್ದುಕೊಂಡು ಪದವಿ ಓದುತ್ತಿರುವ ಈಕೆ ಕಾಲೇಜಿನ ಈಜು ತಂಡದಲ್ಲಿದ್ದಾಳೆ. ಪ್ರತಿ ತಿಂಗಳೂ ಕೆಲವು ದಿನ ಜ್ವರ, ತಲೆನೋವು ಎಂದು ನೆಪ ಹೇಳಿ ಅಭ್ಯಾಸ ತಪ್ಪಿಸುತ್ತಿದ್ದುದರಿಂದ ತರಬೇತುದಾರರು ಆಕೆಗೆ ಬೇರೇನೋ ತೊಂದರೆಯಿರಬೇಕೆಂದು ಸಲಹೆಗಾರ್ತಿಯಾದ ನನ್ನ ಬಳಿಗೆ ಕಳುಹಿಸಿದ್ದರು. ನಿಜವಾದ ಕಾರಣ ಹೊರಬರಲು ಮೊದಲ ಭೇಟಿಯ ಬಹುಪಾಲು ಸಮಯ ಹಿಡಿಯಿತು. ಪ್ಯಾಡ್ ಇಟ್ಟುಕೊಂಡು ನೀರಿಗಿಳಿದರೆ ಅದು ಕೊಳದ ನೀರನ್ನೇ ಹೀರಿ ಊದಿಕೊಳ್ಳುತ್ತದೆ. ತಂಡದ ಹಿರಿಯ ಹುಡುಗಿಯರು ಟ್ಯಾಂಪನ್, ಅಂದರೆ ಯೋನಿಯೊಳಗಿಟ್ಟುಕೊಂಡು ಸ್ರಾವವನ್ನು ಅಲ್ಲೇ ಹೀರಿಸುವ, ತೆಗೆಯಲು ದಾರವಿರುವ ಚಿಕ್ಕ ಸುರುಳಿಯನ್ನು ಬಳಸುತ್ತಾರೆ. ತನಗೊಬ್ಬಳಿಗೇ ಅದು ಆಗಲಿಲ್ಲ ಎಂಬುದು ಆಕೆಯ ಸಂಕಟವಾಗಿತ್ತು.

ಆಗಲಿಲ್ಲ ಎಂದರೆ ಏನಾಯಿತು ಎಂದು ಬಿಡಿಸಿ ಕೇಳಿದೆ. ದೊಡ್ಡದಾದಷ್ಟೂ ಸುರಕ್ಷಿತ ಎಂದು ಭಾವಿಸಿ, ಅತಿ ಹೆಚ್ಚು ಹೀರುವ ಬಗೆಯ ಟ್ಯಾಂಪನ್‌ಗಳನ್ನು ಆನ್‌ಲೈನಿನಲ್ಲಿ ತರಿಸಿಕೊಂಡಿದ್ದಳು. ಸ್ರಾವ ಹೆಚ್ಚಿರುವ ದಿನ ಧೈರ್ಯ ಸಾಲದೆ, ಸ್ರಾವ ಬಹುತೇಕ ನಿಂತ ಮೇಲೆ, ಹೊರಗೆ ಯಾರೋ ಬಾಗಿಲು ತಟ್ಟುತ್ತಿದ್ದಾಗ ಹಾಸ್ಟೆಲಿನ ಬಚ್ಚಲಿನಲ್ಲಿ ಅವಸರದಿಂದ ಪ್ರಯತ್ನಿಸಿದ್ದಳು. ತುಸು ಒಳಹೋಗಿ ನಿಂತಿತು, ಉರಿಯಿತು, ಕಣ್ಣು ಕತ್ತಲಿಟ್ಟಂತಾಯಿತು. ಒಣಗಿದ್ದ ಅದನ್ನು ಹಾಗೆಯೇ ಎಳೆದು ತೆಗೆದಾಗ ಇನ್ನಷ್ಟು ನೋವಾಯಿತು. ಅಂದಿನಿಂದ ತನ್ನ ದೇಹದ ರಚನೆಯಲ್ಲೇ ಏನೋ ದೋಷವಿದೆ ಎಂದು ಆಕೆ ನಂಬಿದ್ದಳು. ಇದರ ಜೊತೆಗೆ, ಮದುವೆಗೆ ಮುಂಚೆ ಅಂಥದ್ದನ್ನೆಲ್ಲ ಬಳಸಬಾರದು ಎಂದು ತಾಯಿ ಹಿಂದೊಮ್ಮೆ ಆಡಿದ್ದ ಮಾತಿತ್ತು. ಟ್ಯಾಂಪನ್ ಬಳಸಿ ಕಾಲು ಕಳೆದುಕೊಂಡ ಅಮೆರಿಕದ ರೂಪದರ್ಶಿಯ ಸುದ್ದಿಯನ್ನೂ ಆಕೆ ಫೋನಿನಲ್ಲಿ ಓದಿದ್ದಳು.

ಸಲಹೆ ಕೊಡುವ ಮೊದಲು ಕೆಲವು ಪ್ರಶ್ನೆಗಳನ್ನು ಕೇಳಲೇಬೇಕಿತ್ತು. ಮುಟ್ಟು ಕ್ರಮವಾಗಿ ಬರುತ್ತಿದೆಯೇ, ಸ್ರಾವ ಹೊರಬರಲು ತಡೆಯೇನಾದರೂ ಇದೆಯೇ, ತುರಿಕೆ, ದುರ್ವಾಸನೆ, ಸೋಂಕು ಇದೆಯೇ ಎಂದು ವಿಚಾರಿಸಿದೆ. ಯಾವಾಗಲಾದರೂ ಯಾರಾದರೂ ಆಕೆಯ ಇಚ್ಛೆಗೆ ವಿರುದ್ಧವಾಗಿ ಮೈ ಮುಟ್ಟಿದ್ದುಂಟೇ ಎಂದೂ, ಉತ್ತರಿಸಲೇಬೇಕೆಂಬ ಒತ್ತಾಯವಿಲ್ಲ ಎಂದು ಹೇಳಿ, ಕೇಳಿದೆ. ಇಂಥ ನೋವಿನ ಹಿಂದೆ ಕೆಲವೊಮ್ಮೆ ಅಂಥ ಅನುಭವವಿರುತ್ತದೆ. ಆಗ ಟ್ಯಾಂಪನ್ ಬಳಸುವ ಕ್ರಮವನ್ನು ಕಲಿಸಹೊರಡುವುದು ಕ್ರೂರವಾಗುತ್ತದೆ. ಸುಮಾಳ ವಿಷಯದಲ್ಲಿ ಅಂಥದ್ದೇನೂ ಇರಲಿಲ್ಲ. ಇದ್ದದ್ದು ತನ್ನ ದೇಹದ ಬಗ್ಗೆ ಯಾರೂ ತಿಳಿಸಿ ಹೇಳದಿದ್ದುದರಿಂದ ಬಂದ ಭಯ.

ಆದ್ದರಿಂದ ಚಿತ್ರಪಟದಿಂದ ಆರಂಭಿಸಿದೆ. ಮುಂದೆ ಮೂತ್ರದ್ವಾರ, ನಡುವೆ ಯೋನಿದ್ವಾರ, ಹಿಂದೆ ಗುದದ್ವಾರ ಎಂಬ ಮೂರು ಬೇರೆ ಬೇರೆ ದ್ವಾರಗಳಿವೆ ಎಂಬುದೇ ಆಕೆಗೆ ಖಚಿತವಾಗಿ ತಿಳಿದಿರಲಿಲ್ಲ, ಮತ್ತು ವಿಜ್ಞಾನ ಓದಿದ ಹುಡುಗಿಯರಲ್ಲೂ ಇದನ್ನು ನಾನು ಮತ್ತೆ ಮತ್ತೆ ಕಾಣುತ್ತೇನೆ. ಯೋನಿ ಸದಾ ತೆರೆದಿರುವ ಕೊಳವೆಯಲ್ಲ. ಖಾಲಿ ಬಟ್ಟೆಚೀಲದ ಬದಿಗಳಂತೆ ಅದರ ಗೋಡೆಗಳು ಒಂದಕ್ಕೊಂದು ತಾಗಿಕೊಂಡಿದ್ದು, ಬೇಕಾದಾಗ ಹಿಗ್ಗುತ್ತವೆ. ಅದು ನೇರ ಮೇಲಕ್ಕೆ ಹೋಗದೆ ಸೊಂಟದ ಹಿಂಭಾಗದತ್ತ ಓರೆಯಾಗಿ ಸಾಗುತ್ತದೆ. ಸುಮಾ ನೇರ ಮೇಲಕ್ಕೆ ತಳ್ಳಿದ್ದರಿಂದ ಟ್ಯಾಂಪನ್ ಮುಂಗೋಡೆಗೆ ತಾಗಿ ನಿಂತಿತ್ತು. ಒಳತುದಿಯಲ್ಲಿ ಗರ್ಭಕಂಠವಿದೆ, ಅದರ ರಂಧ್ರ ಬಹಳ ಕಿರಿದಾದುದರಿಂದ ಟ್ಯಾಂಪನ್ ಅದನ್ನು ದಾಟಿ ಹೊಟ್ಟೆಯೊಳಗೆ ಕಳೆದುಹೋಗುವುದು ಸಾಧ್ಯವೇ ಇಲ್ಲ. ದ್ವಾರದ ಸುತ್ತಲಿನ ಸ್ನಾಯುಗಳು ಮಾತ್ರ ಹೆದರಿಕೆಯಾದಾಗ ನಮ್ಮನ್ನು ಕೇಳದೆಯೇ ಬಿಗಿದುಕೊಳ್ಳುತ್ತವೆ. ಬಿಗಿದ ಸ್ನಾಯುವಿನ ಮೇಲೆ ಒತ್ತಿದರೆ ನೋವಾಗುತ್ತದೆ, ನೋವಿನಿಂದ ಸ್ನಾಯು ಮತ್ತಷ್ಟು ಬಿಗಿಯುತ್ತದೆ. ಆಕೆ ದೋಷವೆಂದು ತಿಳಿದಿದ್ದುದು ಬಹುಮಟ್ಟಿಗೆ ಇದೇ ಆಗಿತ್ತು.

ತಾಯಿಯ ಮಾತನ್ನು ತಳ್ಳಿಹಾಕಲು ನನಗೆ ಇಷ್ಟವಿರಲಿಲ್ಲ, ಏಕೆಂದರೆ ಅದರ ಹಿಂದೆ ಮಗಳ ಮೇಲಿನ ಕಾಳಜಿಯಿದೆ. ಆದರೆ ಸತ್ಯವನ್ನು ಮೃದುಗೊಳಿಸಲೂ ಬಾರದು. ಕನ್ಯಾಪೊರೆ ಎನ್ನುವುದು ದ್ವಾರವನ್ನು ಮುಚ್ಚಿರುವ ಮುಚ್ಚಳವಲ್ಲ. ಅಂಚಿನಲ್ಲಿರುವ ಹಿಗ್ಗುವ ಅಂಗಾಂಶ, ಅದರಲ್ಲಿ ಸಹಜವಾಗಿಯೇ ತೆರವಿರುತ್ತದೆ, ಮುಟ್ಟಿನ ರಕ್ತ ಹೊರಬರುವುದು ಅಲ್ಲಿಂದಲೇ. ಟ್ಯಾಂಪನ್ನಿನಿಂದ ಅದು ಹಿಗ್ಗಬಹುದು, ಅಪರೂಪಕ್ಕೆ ಸ್ವಲ್ಪ ಹರಿಯಲೂಬಹುದು. ಅದರಿಂದ ಕನ್ಯತ್ವಕ್ಕೆ ಏನೂ ಆಗುವುದಿಲ್ಲ, ಏಕೆಂದರೆ ಆ ಪೊರೆ ಯಾರ ಲೈಂಗಿಕ ಜೀವನದ ಸಾಕ್ಷಿಯೂ ಅಲ್ಲ. ಕನ್ಯತ್ವ ಪರೀಕ್ಷೆಗೆ ವೈಜ್ಞಾನಿಕ ಆಧಾರವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಇತರ ಅಂಗಗಳು 2018ರಲ್ಲಿ ಜಂಟಿಯಾಗಿ ಸಾರಿದವು. ಅತ್ಯಾಚಾರ ಪ್ರಕರಣಗಳಲ್ಲಿ ನಡೆಸುತ್ತಿದ್ದ ಎರಡು ಬೆರಳಿನ ಪರೀಕ್ಷೆಯ ಬಗ್ಗೆ ನಮ್ಮ ಸುಪ್ರೀಂ ಕೋರ್ಟ್ 2022ರಲ್ಲಿ ಅದೇ ಮಾತನ್ನು ಖಂಡಿತವಾಗಿ ಹೇಳಿತು. ತಾಯಿಗೆ ಏನು ಹೇಳಬೇಕು, ಯಾವಾಗ ಹೇಳಬೇಕು ಎಂಬುದನ್ನು ಸುಮಾಳ ತೀರ್ಮಾನಕ್ಕೇ ಬಿಟ್ಟೆ.

ಕಾಲು ಕಳೆದುಕೊಂಡ ಸುದ್ದಿ ಸುಳ್ಳಲ್ಲ. ಆ ಘಟನೆ ನಡೆದದ್ದು 2012ರಲ್ಲಿ. ಅದರ ಕಾರಣ ಟಾಕ್ಸಿಕ್ ಶಾಕ್ ಸಿಂಡ್ರೋಮ್ ಎಂಬ ಅಪರೂಪದ, ಆದರೆ ಪ್ರಾಣಾಂತಕವಾಗಬಲ್ಲ ಕಾಯಿಲೆ. ಅನೇಕ ಆರೋಗ್ಯವಂತರ ಮೂಗಿನಲ್ಲಿ, ಚರ್ಮದ ಮೇಲೆ ನಿರಪಾಯವಾಗಿ ಬದುಕಿರುವ ಸ್ಟ್ಯಾಫಿಲೊಕಾಕಸ್ ಆರಿಯಸ್ ಬ್ಯಾಕ್ಟೀರಿಯಾ ಅನುಕೂಲ ಸಿಕ್ಕಾಗ ವಿಷವನ್ನು ಉತ್ಪಾದಿಸಿದರೆ ಇದು ಬರುತ್ತದೆ. 1980ರಲ್ಲಿ ಅಮೆರಿಕದಲ್ಲಿ ಇಂಥ ಪ್ರಕರಣಗಳು ಒಮ್ಮೆಲೇ ಹೆಚ್ಚಿದಾಗ, ಅತಿಯಾಗಿ ಹೀರಿಕೊಳ್ಳುವ ಟ್ಯಾಂಪನ್‌ಗಳೊಂದಿಗೆ ಅವುಗಳ ನಂಟು ಕಂಡುಬಂದು, ರಿಲೈ ಎಂಬ ಬ್ರಾಂಡನ್ನು ಮಾರುಕಟ್ಟೆಯಿಂದ ಹಿಂತೆಗೆಯಲಾಯಿತು. ದೊಡ್ಡದು ಸುರಕ್ಷಿತ ಎಂಬ ಸುಮಾಳ ಎಣಿಕೆ ತಲೆಕೆಳಗಾದದ್ದು ಇಲ್ಲಿ: ಆ ದಿನದ ಸ್ರಾವಕ್ಕೆ ಸಾಲುವ ಅತಿ ಕಡಿಮೆ ಹೀರುವಿಕೆಯದನ್ನೇ ಆರಿಸಬೇಕು. ಅಮೆರಿಕದ ಅಳತೆಯಲ್ಲಿ ಲೈಟ್ ಎಂದರೆ 6 ಗ್ರಾಂವರೆಗೆ ದ್ರವ ಹೀರುವಂಥದ್ದು, ರೆಗ್ಯುಲರ್ ಎಂದರೆ 6ರಿಂದ 9 ಗ್ರಾಂ ಹೀರುವಂಥದ್ದು. ಒಂದು ಮುಟ್ಟಿನಲ್ಲಿ ಹೋಗುವ ರಕ್ತ ಒಟ್ಟಾರೆ ಸಾಮಾನ್ಯವಾಗಿ 30ರಿಂದ 40 ಮಿಲಿಲೀಟರ್ ಮಾತ್ರ ಎಂಬುದನ್ನು ನೆನೆದರೆ, ಕಲಿಯುವವರಿಗೆ ಲೈಟ್ ಸಾಕು ಎಂಬುದು ತಾನಾಗಿ ಅರ್ಥವಾಗುತ್ತದೆ.

ಗಂಟೆಗಳ ಲೆಕ್ಕದಲ್ಲಿ ಮಾತ್ರ ನಾನು ಯಾವ ರಿಯಾಯಿತಿಯನ್ನೂ ಕೊಡಲಿಲ್ಲ. ನಾಲ್ಕರಿಂದ ಎಂಟು ಗಂಟೆಯೊಳಗೆ ಬದಲಿಸಬೇಕು, ಎಂಟನ್ನು ಯಾವ ಕಾರಣಕ್ಕೂ ಮೀರಬಾರದು, ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಬೇಕು, ರಾತ್ರಿ ಪ್ಯಾಡ್ ಬಳಸಬೇಕು, ಮುಟ್ಟಿಲ್ಲದ ದಿನ ಬಿಳಿಸ್ರಾವಕ್ಕೆಂದು ಬಳಸಲೇಬಾರದು. ಟ್ಯಾಂಪನ್ ಬಳಸುತ್ತಿರುವಾಗ ಹಠಾತ್ತನೆ ಜೋರು ಜ್ವರ, ವಾಂತಿ, ಭೇದಿ, ತಲೆಸುತ್ತು, ಬಿಸಿಲಿಗೆ ಸುಟ್ಟಂತಹ ಕೆಂಪು ಗಂಧೆ, ಮೈಕೈ ನೋವು ಕಾಣಿಸಿಕೊಂಡರೆ ಅದನ್ನು ತಕ್ಷಣ ತೆಗೆದು ನೇರ ಆಸ್ಪತ್ರೆಗೆ ಹೋಗಬೇಕು, ಮತ್ತು ಟ್ಯಾಂಪನ್ ಬಳಸಿದ್ದೆ ಎಂಬುದನ್ನು ಸಂಕೋಚವಿಲ್ಲದೆ ವೈದ್ಯರಿಗೆ ಹೇಳಬೇಕು. ನಮ್ಮಲ್ಲಿ ಟ್ಯಾಂಪನ್ ಬಳಸುವವರು ಕಡಿಮೆಯಾದ್ದರಿಂದ ವೈದ್ಯರು ತಾವಾಗಿ ಕೇಳದೆ ಇರಬಹುದು. ಈ ಒಂದು ಮಾತನ್ನು ನಾಚಿಕೆಯಿಂದ ನುಂಗಿಕೊಳ್ಳುವುದು ಜೀವಕ್ಕೇ ಎರವಾಗಬಹುದು.

ಕ್ರಮವನ್ನು ಎರಡನೆಯ ಭೇಟಿಯಲ್ಲಿ ಹೇಳಿಕೊಟ್ಟೆ. ಒಂದು ಟ್ಯಾಂಪನ್ನನ್ನು ಲೋಟದ ನೀರಿಗೆ ಹಾಕಿ ಅದು ಹೇಗೆ ಅರಳುತ್ತದೆ, ದಾರ ಎಷ್ಟು ಗಟ್ಟಿಯಾಗಿದೆ ಎಂದು ಆಕೆಯೇ ಎಳೆದು ನೋಡಿದಳು. ಮೊದಲ ಪ್ರಯತ್ನ ಸ್ಪರ್ಧೆಯ ಬೆಳಿಗ್ಗೆ ಬೇಡ; ರಜೆಯಲ್ಲಿ ಊರಿಗೆ ಹೋದಾಗ, ಸ್ರಾವ ಚೆನ್ನಾಗಿರುವ ಎರಡನೆಯ ದಿನ, ಬಾಗಿಲು ತಟ್ಟುವವರಿಲ್ಲದ ಹೊತ್ತಿನಲ್ಲಿ ಇರಲಿ ಎಂದೆ. ಕೈಯನ್ನು ಸೋಪಿನಿಂದ ತೊಳೆದು, ದಾರವನ್ನು ಬಿಡಿಸಿ, ಕುಕ್ಕರಗಾಲಿನಲ್ಲಿ ಕುಳಿತು ಅಥವಾ ಒಂದು ಕಾಲನ್ನು ಮಣೆಯ ಮೇಲಿಟ್ಟು, ನಿಧಾನವಾಗಿ ಉಸಿರು ಬಿಡುತ್ತಾ, ಸೊಂಟದ ಹಿಂಭಾಗದತ್ತ ಓರೆಯಾಗಿ ಬೆರಳಿನ ನಡುಗೆಣ್ಣು ಒಳಹೋಗುವವರೆಗೆ ತಳ್ಳಬೇಕು. ಒಣಗಿದಂತಿದ್ದರೆ ನೀರು ಆಧಾರಿತ ಲೂಬ್ರಿಕಂಟನ್ನು ತುದಿಗೆ ಸ್ವಲ್ಪ ಹಚ್ಚಬಹುದು. ಕೊಬ್ಬರಿ ಎಣ್ಣೆ, ವ್ಯಾಸಲಿನ್ ಬೇಡ. ಸರಿಯಾಗಿ ಕೂತರೆ ಅದು ಒಳಗಿದೆಯೆಂದೇ ತಿಳಿಯುವುದಿಲ್ಲ; ನಡೆಯುವಾಗ ಚುಚ್ಚಿದರೆ ಇನ್ನೂ ಒಳಗೆ ಹೋಗಬೇಕೆಂದು ಅರ್ಥ. ನೋವಾದರೆ ನಿಲ್ಲಿಸುವ ಹಕ್ಕು ಆಕೆಯದೇ. ಆ ದಿನ ಬಿಟ್ಟು ಇನ್ನೊಂದು ದಿನ ನೋಡಬಹುದು, ಬೇಡವೆಂದೇ ನಿರ್ಧರಿಸಿದರೂ ಅದು ಸೋಲಲ್ಲ. ಹೊಸದನ್ನು ಇಡುವ ಮೊದಲು ಹಳೆಯದನ್ನು ತೆಗೆದಿರುವುದು ಖಚಿತವಾಗಬೇಕು. ತೆಗೆಯುವಾಗ ಕುಕ್ಕರಗಾಲಿನಲ್ಲಿ ಕುಳಿತು, ಮೈ ಸಡಿಲಬಿಟ್ಟು, ದಾರವನ್ನು ಬಂದ ದಾರಿಯ ಓರೆಯಲ್ಲೇ ಎಳೆಯಬೇಕು. ದಾರ ಸಿಗದಿದ್ದರೆ ಮಲವಿಸರ್ಜನೆಗೆ ತಿಣುಕಿದಂತೆ ಮೃದುವಾಗಿ ತಿಣುಕಿ, ತೊಳೆದ ಬೆರಳಿನಿಂದ ಹುಡುಕಬಹುದು. ಆಗಲೂ ಸಿಗದಿದ್ದರೆ ಅದೇ ದಿನ ವೈದ್ಯರಲ್ಲಿಗೆ ಹೋಗಬೇಕು. ಈಜಿ ಬಂದ ಕೂಡಲೇ ಬದಲಿಸಬೇಕು. ಶೌಚಾಲಯದಲ್ಲಿ ಫ್ಲಶ್ ಮಾಡದೆ, ಕಾಗದದಲ್ಲಿ ಸುತ್ತಿ ಪ್ಯಾಡಿನ ಕಸದೊಂದಿಗೆ ಹಾಕಬೇಕು.

ಮುಂದಿನ ಭೇಟಿಗೆ ಬಂದಾಗ ಸುಮಾ ಊರಿನ ಮನೆಯಲ್ಲಿ ಲೈಟ್ ಟ್ಯಾಂಪನ್ನನ್ನು ಯಶಸ್ವಿಯಾಗಿ ಬಳಸಿದ್ದಳು. ಮೊದಲು ಕೈ ನಡುಗಿ ಬಿಟ್ಟುಬಿಟ್ಟು, ಸಂಜೆ ಮತ್ತೆ ಪ್ರಯತ್ನಿಸಿದಾಗ ಸುಲಭವಾಯಿತಂತೆ. ಸ್ಪರ್ಧೆಯ ದಿನಗಳಲ್ಲಿ ಆಕೆಗೆ ಮುಟ್ಟೇ ಬರಲಿಲ್ಲ; ಆದರೆ ಅಭ್ಯಾಸಕ್ಕೆ ನೆಪ ಹೇಳುವುದು ನಿಂತಿದೆ.

ಆಕೆಯೊಂದಿಗೆ ಬಂದ ಕೋಣೆಯ ಗೆಳತಿಯದು ಬೇರೆ ಕಥೆ. ಇದೇ ಕ್ರಮವನ್ನು ಅನುಸರಿಸಿದರೂ ಆಕೆಗೆ ಪ್ರತಿಸಲವೂ ಒಂದೇ ಕಡೆ ತಡೆಯಾಗುತ್ತಿತ್ತು, ಮತ್ತು ಒಮ್ಮೆ ಒಳಹೋದದ್ದು ಅರಳಿದ ಮೇಲೆ ಹೊರಬರಲು ಬಹಳ ಕಷ್ಟವಾಗಿತ್ತು. ಕೆಲವರಲ್ಲಿ ಪೊರೆಯ ತೆರವಿಗೆ ಅಡ್ಡಲಾಗಿ ಅಂಗಾಂಶದ ಎಳೆಯೊಂದು ಹುಟ್ಟಿನಿಂದಲೇ ಇರುತ್ತದೆ. ಉಸಿರಾಟದಿಂದಾಗಲಿ ಧೈರ್ಯದ ಮಾತಿನಿಂದಾಗಲಿ ಅದು ಸರಿಯಾಗುವುದಿಲ್ಲ, ಚಿಕ್ಕ ಶಸ್ತ್ರಚಿಕಿತ್ಸೆಯಿಂದ ಆಗುತ್ತದೆ. ನಾನು ವೈದ್ಯೆಯಲ್ಲವಾದ್ದರಿಂದ ಅದು ಹಾಗೆಯೇ ಎಂದು ಹೇಳದೆ, ಪ್ರಯತ್ನ ನಿಲ್ಲಿಸಿ ಪ್ಯಾಡನ್ನೇ ಬಳಸುವಂತೆ ತಿಳಿಸಿ, ಸ್ತ್ರೀರೋಗ ತಜ್ಞರಿಗೆ ಪತ್ರ ಬರೆದುಕೊಟ್ಟೆ.