ಸೌದಿ ತೈಲದ ಹಕ್ಕು ಬ್ರಿಟಿಷರ ಕೈತಪ್ಪಿ ಅಮೆರಿಕದ ಕಂಪನಿಗೆ ಹೋದದ್ದು ಹೇಗೆ?

ಮುಖ್ಯವಾಗಿ ಚಿನ್ನದಿಂದ. ಜಾಗತಿಕ ಆರ್ಥಿಕ ಕುಸಿತದಲ್ಲಿ ಹಜ್ ಯಾತ್ರಿಕರು ಕಡಿಮೆಯಾಗಿ ದೊರೆ ಇಬ್ನ್ ಸೌದ್ ಅವರ ಬೊಕ್ಕಸ ಬರಿದಾಗಿತ್ತು. ಹಣಕಾಸು ಸಚಿವ ಅಬ್ದುಲ್ಲಾ ಸುಲೈಮಾನ್ ಮುಂಗಡವಾಗಿ ಚಿನ್ನವನ್ನೇ ಕೇಳಿದರು. ಬ್ರಿಟಿಷರ ಪ್ರಾಬಲ್ಯದ ಇರಾಕ್ ಪೆಟ್ರೋಲಿಯಂ ಕಂಪನಿ ಕೈ ಬಿಗಿಹಿಡಿಯಿತು. ಅಮೆರಿಕದ ತೈಲ ಕಂಪನಿ ಸೋಕಾಲ್ (ಸ್ಟ್ಯಾಂಡರ್ಡ್ ಆಯಿಲ್ ಆಫ್ ಕ್ಯಾಲಿಫೋರ್ನಿಯಾ) ಒಪ್ಪಿತು. 1933ರ ಮೇ 29ರಂದು ಜೆಡ್ಡಾದಲ್ಲಿ ಸಹಿ ಬಿತ್ತು. ಅಮೆರಿಕದಿಂದ ಚಿನ್ನ ಸಾಗಿಸಲು ನಿರ್ಬಂಧವಿದ್ದುದರಿಂದ ಲಂಡನ್ನಿನಿಂದ ಹಡಗಿನಲ್ಲಿ ತರಿಸಿದ 35,000 ಸವರನ್ (ಬ್ರಿಟಿಷ್ ಚಿನ್ನದ) ನಾಣ್ಯಗಳನ್ನು ಜೆಡ್ಡಾದ ಡಚ್ ಬ್ಯಾಂಕಿನ ಮೇಜಿನ ಮೇಲೆ ಎಣಿಸಿ ಕೊಟ್ಟರು. ಅದು ಮೊದಲ ಕಂತು. ಹಕ್ಕು 60 ವರ್ಷಗಳದು, ಟನ್ನಿಗೆ ನಾಲ್ಕು ಚಿನ್ನದ ಶಿಲ್ಲಿಂಗ್ ರಾಜಧನ. ದೊರೆ ಮೋಸಹೋದರು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ: ಅಲ್ಲಿ ಎಣ್ಣೆಯಿದೆಯೆಂದು ಆಗ ಯಾರಿಗೂ ಖಾತ್ರಿಯಿರಲಿಲ್ಲ. ದಮ್ಮಾಮ್‌ನ ಏಳನೆಯ ಬಾವಿಯಲ್ಲಿ ಎಣ್ಣೆ ಉಕ್ಕಿದ್ದು 1938ರಲ್ಲಿ.