ಊರುಗಳ ಸಂಖ್ಯೆ ಇಳಿಸಿ, ಖರ್ಚು ತಾನಾಗಿ ಇಳಿಯುತ್ತದೆ

ಮಾನ್ಯ ಸಂಪಾದಕರೇ, ನಾವು ಗಂಡ ಹೆಂಡತಿ, 6 ಮತ್ತು 11 ವರ್ಷದ ಮಕ್ಕಳು, ಜೊತೆಗೆ 64 ವರ್ಷದ ನಮ್ಮ ಅತ್ತೆಯವರು. ಬೆನ್ನಿಗೆ ಬ್ಯಾಗ್ ಏರಿಸಿಕೊಂಡು ಮೂರು ವಾರದಲ್ಲಿ ಹೊರದೇಶದ ಒಂಬತ್ತು ಊರು ನೋಡುವ ಆಸೆ. ಹಣ ಹೆಚ್ಚಿಲ್ಲ. ವಿಮಾನದ ಟಿಕೆಟ್ ಅಗ್ಗಕ್ಕೆ ಸಿಕ್ಕರೆ ಉಳಿದದ್ದನ್ನು ಹೇಗಾದರೂ ತೂಗಿಸಬಹುದೇ?
(ಓದುಗರೊಬ್ಬರ ಪತ್ರದಿಂದ)

ಸಂಪಾದಕರ ಉತ್ತರ:

ನಿಮ್ಮ ಯೋಜನೆಯಲ್ಲಿ ಹಣ ಸೋರುವ ಜಾಗ ಆ ಒಂಬತ್ತು ಊರುಗಳು. ಮೂರು ವಾರಕ್ಕೆ ಮೂರು ಊರು ಸಾಕು, ಬಹಳವೆಂದರೆ ನಾಲ್ಕು.

ಊರು ಬದಲಾಯಿಸುವ ಒಂದು ದಿನವನ್ನು ಬಿಡಿಸಿ ನೋಡಿ. ಸಾಮಾನ್ಯವಾಗಿ ಬೆಳಿಗ್ಗೆ 10–11ಕ್ಕೆ ಕೋಣೆ ಬಿಡಬೇಕು. ಮುಂದಿನ ಕೋಣೆ ಕೈಗೆ ಸಿಗುವುದು ಮಧ್ಯಾಹ್ನ 2–3ರ ಮೇಲೆ. ಅಲ್ಲಿಯವರೆಗೆ ಐದು ಜನರಿಗೂ ನೆಲೆಯಿಲ್ಲ. ಅಡುಗೆಮನೆ ಇರುವುದಿಲ್ಲ, ಹಾಗಾಗಿ ಊಟ ಹೊರಗೆ. ಲಗೇಜ್ ಇಡಲು ಲಾಕರ್ ಬಾಡಿಗೆ. ಸಣ್ಣ ಟ್ಯಾಕ್ಸಿಯಲ್ಲಿ ನಾಲ್ವರಿಗಷ್ಟೇ ಜಾಗ, ನಿಮಗೆ ಎರಡೂ ಕಡೆ ದೊಡ್ಡದೇ ಬೇಕು. ಅಪಾರ್ಟ್‌ಮೆಂಟ್ ಹಿಡಿದಿದ್ದರೆ ಸ್ವಚ್ಛತೆಯ ಶುಲ್ಕವನ್ನು ಬಹುತೇಕ ಕಡೆ ಒಂದು ಬುಕಿಂಗ್‌ಗೆ ಒಮ್ಮೆ ಹಾಕುತ್ತಾರೆ, ಎರಡು ರಾತ್ರಿ ಉಳಿದರೂ ಅಷ್ಟೇ, ಏಳು ರಾತ್ರಿ ಉಳಿದರೂ ಅಷ್ಟೇ. ಏಳು ರಾತ್ರಿಗೆ ಅನೇಕ ಮಾಲೀಕರು ವಾರದ ರಿಯಾಯಿತಿಯನ್ನೂ ಕೊಡುತ್ತಾರೆ. ಒಂಬತ್ತು ಊರೆಂದರೆ ಇಂಥ ದಿನಗಳು ಎಂಟು. ಮೂರು ಊರಾದರೆ ಎರಡೇ. ಬಿಟ್ಟುಹೋದ ಊರುಗಳಲ್ಲಿ ಹತ್ತಿರದವನ್ನು ಬೆಳಿಗ್ಗೆ ಹೋಗಿ ಸಂಜೆ ಬರುವಂತೆ, ದೊಡ್ಡ ಬ್ಯಾಗುಗಳನ್ನು ಕೋಣೆಯಲ್ಲೇ ಬಿಟ್ಟು ನೋಡಿಬನ್ನಿ.

ರಾತ್ರಿ ರೈಲಿನಲ್ಲಿ ಹೋದರೆ ಒಂದು ರಾತ್ರಿಯ ಬಾಡಿಗೆ ಉಳಿಯುತ್ತದೆ ಎನ್ನುವವರಿದ್ದಾರೆ. ಮಲಗುವ ಬರ್ತ್ ಸಿಕ್ಕರೆ ಸರಿ. ಕುಳಿತೇ ಹೋಗುವುದಾದರೆ 6 ವರ್ಷದ ಮಗು ಮತ್ತು ಹಿರಿಯರನ್ನು ಕಟ್ಟಿಕೊಂಡು ಆ ಕೆಲಸ ಮಾಡಬೇಡಿ. ನಿದ್ದೆಗೆಟ್ಟ ಮರುದಿನ ಟ್ಯಾಕ್ಸಿಗೆ, ಬೇಗ ಕೋಣೆ ಪಡೆಯಲು ಕೊಡುವ ಹೆಚ್ಚುವರಿ ಹಣಕ್ಕೆ ಆ ಉಳಿತಾಯ ಹೋಗಿರುತ್ತದೆ.

ವಸತಿಯಲ್ಲಿ ನಿಮ್ಮ ತೊಡಕು ಐದು ಎಂಬ ಸಂಖ್ಯೆ. ಕುಟುಂಬದ ಕೋಣೆಗಳು ಹೆಚ್ಚಾಗಿ ನಾಲ್ವರಿಗೆ. ಐದನೆಯವರು ಬಂದ ಕೂಡಲೇ ಎರಡು ಕೋಣೆಯ ಲೆಕ್ಕ. ಹಾಸ್ಟೆಲುಗಳಲ್ಲಿ 6 ಹಾಸಿಗೆಯ ಕೋಣೆಯನ್ನು ಪೂರ್ತಿ ಕೊಡುತ್ತಾರೆಯೇ ಎಂದು ಕೇಳಿ, ಒಂದು ಹಾಸಿಗೆ ಖಾಲಿ ಬಿದ್ದರೂ ಎರಡು ಕೋಣೆಗಿಂತ ಅಗ್ಗವಾಗುವುದುಂಟು. ಅಪರಿಚಿತರ ಜೊತೆ ಹಂಚಿಕೊಳ್ಳುವ ಡಾರ್ಮಿಟರಿಗೆ ಮಕ್ಕಳನ್ನು ಬಹಳಷ್ಟು ಹಾಸ್ಟೆಲುಗಳು ಸೇರಿಸುವುದೇ ಇಲ್ಲ. ನಾಲ್ವರೆಂದು ಬರೆದು ಐವರು ಹೋಗಬೇಡಿ: ಕೋಣೆಯ ಜನಮಿತಿ ಅಗ್ನಿಸುರಕ್ಷತೆಗೂ ಸೇರಿದ್ದು, ಬಾಗಿಲಲ್ಲೇ ನಿಲ್ಲಿಸಬಹುದು. ಬುಕ್ ಮಾಡುವ ಮುನ್ನ ಅತ್ತೆಯವರಿಗಾಗಿ ಎರಡು ಪ್ರಶ್ನೆ ಬರೆದು ಕೇಳಿ: ಲಿಫ್ಟ್ ಇದೆಯೇ, ಬಚ್ಚಲು ಕೋಣೆಯೊಳಗೇ ಇದೆಯೇ. ‘ಮೊದಲ ಮಹಡಿ’ ಎಂದರೆ ಕೆಲವು ದೇಶಗಳಲ್ಲಿ ನೆಲಮಟ್ಟ, ಕೆಲವು ಕಡೆ ಒಂದು ಮಹಡಿ ಮೇಲೆ; ಮೆಟ್ಟಿಲು ಎಷ್ಟು ಎಂದೇ ಕೇಳುವುದು ಮೇಲು.

ಇನ್ನು ಬ್ಯಾಗ್. ದೊಡ್ಡವರಿಗೆ 35–40 ಲೀಟರಿನದು ಸಾಕು, ತುಂಬಿದ ತೂಕ 7 ಕೆಜಿ ದಾಟದಿರಲಿ. ಅನೇಕ ಅಗ್ಗದ ವಿಮಾನಗಳಲ್ಲಿ ಕೈಬ್ಯಾಗಿನ ಮಿತಿ ಅಷ್ಟೇ. ಕೆಲವು ಸಂಸ್ಥೆಗಳ ಮೂಲದರದಲ್ಲಿ ಸೀಟಿನ ಕೆಳಗೆ ಹಿಡಿಯುವ ಸಣ್ಣ ಬ್ಯಾಗಿಗೆ ಮಾತ್ರ ಅವಕಾಶ, ಅಳತೆಯನ್ನು ಟಿಕೆಟ್ ಕೊಳ್ಳುವಾಗಲೇ ಓದಿಕೊಳ್ಳಿ. ಮಕ್ಕಳ ಬೆನ್ನಿಗೆ ಅವರ ತೂಕದ ಹತ್ತನೇ ಒಂದು ಭಾಗ ಮೀರಬಾರದು. 6 ವರ್ಷದ ಮಗುವಿಗೆ ನೀರಿನ ಬಾಟಲಿ, ಸ್ವೆಟರ್, ಒಂದು ಆಟಿಕೆ. ಅಷ್ಟಕ್ಕೇ 2 ಕೆಜಿ ಹತ್ತಿರವಾಗುತ್ತದೆ. ಅತ್ತೆಯವರ ಸಾಮಾನನ್ನು ನೀವಿಬ್ಬರು ಹಂಚಿಕೊಳ್ಳಿ.

ಬ್ಯಾಗ್ ಹಾಕಿಕೊಳ್ಳುವುದಕ್ಕೂ ಕ್ರಮವಿದೆ. ಪಟ್ಟಿಗಳನ್ನೆಲ್ಲ ಸಡಿಲಿಸಿ, ಮೊದಲು ಸೊಂಟದ ಪಟ್ಟಿಯನ್ನು ಸೊಂಟದ ಮೂಳೆಯ ಮೇಲೆ ಕೂರಿಸಿ ಬಿಗಿ ಮಾಡಿ. ಹೊಟ್ಟೆಯ ಮೇಲೆ ಕೂತರೆ ಉಸಿರಾಟಕ್ಕೆ ಕಷ್ಟ, ಕೆಳಗೆ ಜಾರಿದರೆ ಭಾರವೆಲ್ಲ ಹೆಗಲಿಗೆ. ಆಮೇಲೆ ಭುಜದ ಪಟ್ಟಿ, ಬೆರಳು ತೂರುವಷ್ಟು ಸಡಿಲವಿರಲಿ. ಕೊನೆಗೆ ಎದೆಯ ಪಟ್ಟಿ. ಭಾರದ ವಸ್ತುಗಳು ಬೆನ್ನಿಗೆ ಅಂಟಿಕೊಂಡಂತೆ ನಡುಭಾಗದಲ್ಲಿರಬೇಕು. ಹೊರಜೇಬಿಗೆ ತುಂಬಿದರೆ ಬ್ಯಾಗ್ ಹಿಂದಕ್ಕೆ ಎಳೆಯುತ್ತದೆ, ನೀವು ಮುಂದಕ್ಕೆ ಬಾಗುತ್ತೀರಿ, ಸಂಜೆಗೆ ಕುತ್ತಿಗೆ ನೋವು. ಬಟ್ಟೆ ತಲಾ ಮೂರು ಜೊತೆ, ಅಷ್ಟೇ. ಜೀನ್ಸ್ ಬೇಡ, ಒಣಗುವುದಿಲ್ಲ. ಒಗೆದ ಬಟ್ಟೆಯನ್ನು ಒಣ ಟವೆಲಿನಲ್ಲಿ ಸುರುಳಿ ಸುತ್ತಿ ಹಿಂಡಿದರೆ ತೆಳುವಾದವು ರಾತ್ರಿ ಬೆಳಗಾಗುವುದರೊಳಗೆ ಒಣಗುತ್ತವೆ.

ಪವರ್‌ಬ್ಯಾಂಕ್ ಕೈಬ್ಯಾಗಿನಲ್ಲೇ ಇರಬೇಕು. ವಿಶೇಷ ಅನುಮತಿಯಿಲ್ಲದೆ ಒಯ್ಯುವ ಮಿತಿ 100 ವ್ಯಾಟ್-ಅವರ್ (ಬ್ಯಾಟರಿ ಹಿಡಿಯುವ ಶಕ್ತಿಯ ಅಳತೆ). 20,000 ಎಂಎಎಚ್‌ನದು 3.7 ವೋಲ್ಟ್ ಲೆಕ್ಕದಲ್ಲಿ 74 ಆಗುತ್ತದೆ. ಗೇಟಿನಲ್ಲಿ ಜಾಗವಿಲ್ಲವೆಂದು ನಿಮ್ಮ ಬ್ಯಾಗನ್ನು ವಿಮಾನದ ಕೆಳಗಿನ ಲಗೇಜ್ ಭಾಗಕ್ಕೆ ಕಳಿಸಿದರೆ ಪವರ್‌ಬ್ಯಾಂಕನ್ನು ಹೊರತೆಗೆದುಕೊಳ್ಳಲು ಮರೆಯುವವರೇ ಹೆಚ್ಚು. ಅದನ್ನೂ ಔಷಧಿಯನ್ನೂ ಒಂದೇ ಪುಟ್ಟ ಚೀಲದಲ್ಲಿ ಮೇಲುಗಡೆ ಇಡಿ.

ಟಿಕೆಟ್ ಬಗ್ಗೆ ಕೇಳಿದ್ದೀರಿ. ಅಗ್ಗದ ದರದಲ್ಲಿ ಮೂರೇ ಸೀಟು ಉಳಿದಿದ್ದರೆ, ಐವರಿಗೆ ಹುಡುಕಿದಾಗ ಐದಕ್ಕೂ ಅದರ ಮೇಲಿನ ದರವೇ ಕಾಣಿಸುವುದುಂಟು. ಮೊದಲು ಒಬ್ಬರಿಗೆ, ಆಮೇಲೆ ಐವರಿಗೆ ಹುಡುಕಿ ಹೋಲಿಸಿ. ವ್ಯತ್ಯಾಸ ದೊಡ್ಡದಾದರೆ ಎರಡು ಬುಕಿಂಗ್ ಮಾಡಬಹುದು, ಆದರೆ ಮಕ್ಕಳಿರುವ ಬುಕಿಂಗಿನಲ್ಲಿ ತಂದೆ ಅಥವಾ ತಾಯಿ ಇರಲೇಬೇಕು. ವಿಮಾನ ರದ್ದಾದರೆ ಎರಡು ಗುಂಪುಗಳನ್ನು ಬೇರೆ ಬೇರೆ ವಿಮಾನಕ್ಕೆ ಹಾಕಬಹುದೆಂಬುದೂ ತಿಳಿದಿರಲಿ. ನಡುವೆ ವಿಮಾನ ಬದಲಿಸುವಲ್ಲಿ ಎರಡು ಪ್ರತ್ಯೇಕ ಟಿಕೆಟ್ ಕೊಳ್ಳಬೇಡಿ: ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಸಾಮಾನ್ಯವಾಗಿ ಐದು ಹೊಸ ಟಿಕೆಟ್ ನಿಮ್ಮ ಜೇಬಿನಿಂದಲೇ.

ಕಾರ್ಡ್ ಉಜ್ಜುವಾಗ ‘ನಿಮ್ಮ ದೇಶದ ಕರೆನ್ಸಿಯಲ್ಲಿ ಪಾವತಿಸುವಿರಾ?’ ಎಂದು ಯಂತ್ರ ಕೇಳಿದರೆ ಬೇಡವೆಂದು ಒತ್ತಿ, ಅಲ್ಲಿಯ ಕರೆನ್ಸಿಯನ್ನೇ ಆರಿಸಿ. ಆ ಪರಿವರ್ತನೆಯ ದರ ಹೆಚ್ಚುಕಮ್ಮಿ ಯಾವಾಗಲೂ ನಷ್ಟದ್ದು. ಎರಡು ಬೇರೆ ಬ್ಯಾಂಕಿನ ಕಾರ್ಡುಗಳಿರಲಿ, ಒಂದು ಗಂಡನ ಹತ್ತಿರ, ಒಂದು ಹೆಂಡತಿಯ ಹತ್ತಿರ.

ಉಳಿತಾಯಕ್ಕೆಂದು ಮುಟ್ಟಬಾರದ ಬಾಬ್ತು ವಿಮೆ. ಅತ್ತೆಯವರಿಗೆ ಬಿಪಿಯೋ ಸಕ್ಕರೆ ಕಾಯಿಲೆಯೋ ಇದ್ದರೆ ಅರ್ಜಿಯಲ್ಲಿ ಬರೆಯಿರಿ. ಮುಚ್ಚಿಟ್ಟರೆ ಆಸ್ಪತ್ರೆಯ ಬಿಲ್ ಬಂದಾಗ ಕ್ಲೇಮ್ ತಿರಸ್ಕೃತವಾಗಬಹುದು. ಷೆಂಗೆನ್ (ಒಂದೇ ವೀಸಾದಲ್ಲಿ ಸುತ್ತಬಹುದಾದ ಯೂರೋಪಿನ ದೇಶಗಳ ಗುಂಪು) ವೀಸಾಕ್ಕಾದರೆ ಕನಿಷ್ಠ 30,000 ಯೂರೋ ರಕ್ಷಣೆ ಕಡ್ಡಾಯ. ಔಷಧಿ ಮೂಲ ಪೊಟ್ಟಣದಲ್ಲೇ ಇರಲಿ, ವೈದ್ಯರ ಚೀಟಿಯಲ್ಲಿ ಔಷಧದ ರಾಸಾಯನಿಕ ಹೆಸರೂ ಬರೆಸಿ. ಒಂದು ದೇಶದಲ್ಲಿ ಸಾಮಾನ್ಯವಾದ ಮಾತ್ರೆ ಇನ್ನೊಂದರಲ್ಲಿ ನಿಷಿದ್ಧವಿರಬಹುದು: ಜಪಾನ್ 10%ಕ್ಕಿಂತ ಹೆಚ್ಚು ಸ್ಯೂಡೋಎಫೆಡ್ರಿನ್ ಇರುವ ಶೀತದ ಔಷಧಿಗಳನ್ನು ಒಳಗೆ ಬಿಡುವುದಿಲ್ಲ.

ಹಣ ಕಟ್ಟುವ ಮೊದಲು ಐದೂ ಪಾಸ್‌ಪೋರ್ಟುಗಳ ಅವಧಿ ನೋಡಿ. ಹಲವು ದೇಶಗಳು 6 ತಿಂಗಳ ಅವಧಿ ಉಳಿದಿರಬೇಕೆನ್ನುತ್ತವೆ. ಷೆಂಗೆನ್‌ನಲ್ಲಿ ಅಲ್ಲಿಂದ ಹೊರಟ ಮೇಲೆ 3 ತಿಂಗಳು. ಮಕ್ಕಳ ಪಾಸ್‌ಪೋರ್ಟಿನ ಅವಧಿ ದೊಡ್ಡವರದಕ್ಕಿಂತ ಕಡಿಮೆ ಇರುವುದರಿಂದ ಎಡವುವುದು ಅಲ್ಲೇ. ಮದುವೆಯ ನಂತರ ನಿಮ್ಮ ಹೆಸರು ಬದಲಾಗಿದ್ದರೆ ಟಿಕೆಟ್‌ನಲ್ಲಿ ಪಾಸ್‌ಪೋರ್ಟಿನ ಹೆಸರೇ ಇರಲಿ, ವಿವಾಹ ಪ್ರಮಾಣಪತ್ರದ ಪ್ರತಿ ಜೊತೆಗಿರಲಿ. ನಿಮ್ಮಲ್ಲೊಬ್ಬರು ಮಕ್ಕಳೊಂದಿಗೆ ಮೊದಲೇ ಹಿಂತಿರುಗುವ ಸಾಧ್ಯತೆಯಿದ್ದರೆ ಇನ್ನೊಬ್ಬರ ಒಪ್ಪಿಗೆ ಪತ್ರವನ್ನು ನೋಟರಿ ಮಾಡಿಸಿ, ಮಕ್ಕಳ ಜನನ ಪ್ರಮಾಣಪತ್ರದ ಜೊತೆ ಇಟ್ಟುಕೊಳ್ಳಿ. ಕೆಲವು ದೇಶಗಳ ಗಡಿಯಲ್ಲಿ ಅದನ್ನು ಕೇಳುತ್ತಾರೆ.