ಪುಟ ತೋರಿಸಿ ಮಾತಾಡಿ

ಪ್ರಶ್ನೆ: ಎರಡು ತಿಂಗಳಲ್ಲಿ ಒಂದು ಪತ್ತೇದಾರಿ ಕಾದಂಬರಿ, ಒಂದು ಅನುವಾದ, ಒಂದು ವಿಜ್ಞಾನದ ಪುಸ್ತಕ, ಒಂದು ಕವನಸಂಕಲನ ಓದಿದೆ. ಒಂದೊಂದರ ಬಗ್ಗೆ ಹತ್ತು ಸಾಲು ಬರೆಯೋಣವೆಂದು ಕೂತರೆ ‘ಚೆನ್ನಾಗಿದೆ, ಓದಿಸಿಕೊಂಡು ಹೋಗುತ್ತದೆ’ ಅನ್ನುವುದು ಬಿಟ್ಟು ಬೇರೇನೂ ಹೊಳೆಯುವುದಿಲ್ಲ.

ಉತ್ತರ: ಅಭಿಪ್ರಾಯ ಇದೆ, ಗುರುತು ಇಲ್ಲ, ತೊಂದರೆ ಅಷ್ಟೇ. ಕಲಿತದ್ದು ಮೊದಲ ಒಂದೆರಡು ದಿನಗಳಲ್ಲೇ ಹೆಚ್ಚಾಗಿ ಜಾರಿಹೋಗುತ್ತದೆ ಎಂದು ಜರ್ಮನಿಯ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದ. ಅವನು ಬಳಸಿದ್ದು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು, ನಿಜ. ಆದರೆ ಪಾತ್ರಗಳ ಹೆಸರು, ಘಟನೆಗಳ ಕ್ರಮವೂ ಮರೆತುಹೋಗುತ್ತವೆ.

ಪುಟದ ಗುರುತಿಗೆ ಇಡುವ ಚೀಟಿಯನ್ನೇ ಟಿಪ್ಪಣಿ ಮಾಡಿಕೊಳ್ಳಿ. ಅದರಲ್ಲಿ ಪುಟಸಂಖ್ಯೆ, ಪಕ್ಕಕ್ಕೆ ನಾಲ್ಕು ಪದ ಇದ್ದರೆ ಸಾಕು: ‘84 – ಅಮ್ಮ ಸುಳ್ಳು ಹೇಳಿದ್ದೇಕೆ?’ ಇನ್ನೂರು ಪುಟಕ್ಕೆ ಹದಿನೈದಿಪ್ಪತ್ತು ಗುರುತು ಬಂದರೆ ಹದ. ಅರವತ್ತು ದಾಟಿದರೆ ಸಿಕ್ಕಿದ್ದಕ್ಕೆಲ್ಲ ಗುರುತು ಹಾಕುತ್ತಿದ್ದೀರಿ ಎಂದರ್ಥ. ಬರೀ ಪೆನ್ಸಿಲಿನಲ್ಲಿ ಅಡಿಗೆರೆ ಎಳೆದು ಬಿಟ್ಟರೆ ತಿಂಗಳ ನಂತರ ಆ ಗೆರೆ ಯಾಕೆಂದು ನಿಮಗೇ ತಿಳಿಯುವುದಿಲ್ಲ. ಓದಿ ಮುಗಿಸಿದ ದಿನವೇ, ಪುಸ್ತಕ ಮುಚ್ಚಿಟ್ಟು, ನೆನಪಿನಿಂದ ಐದು ಸಾಲು ಬರೆಯಿರಿ. ಆಮೇಲೆ ಚೀಟಿ ನೋಡಿ. ನೆನಪಿಗೂ ಚೀಟಿಗೂ ಎಲ್ಲಿ ತಾಳೆಯಾಗುವುದಿಲ್ಲವೋ ಅಲ್ಲಿಂದ ಬರೆಯಲು ಶುರುಮಾಡಿ.

ಪ್ರಶ್ನೆ: ಪತ್ತೇದಾರಿ ಕಾದಂಬರಿಯ ಕಥೆ ಎಷ್ಟು ಹೇಳಬಹುದು?

ಉತ್ತರ: ಮೊದಲ ಕಾಲುಭಾಗದಲ್ಲಿ ಬಯಲಾಗುವುದನ್ನು ಹೇಳಿ, ಮುಂದಿನದನ್ನು ಬಿಡಿ. ‘ಕೊನೆಯಲ್ಲಿ ಭಾರೀ ತಿರುವಿದೆ’ ಎಂಬ ಹೊಗಳಿಕೆಯೂ ಬೇಡ. ತಿರುವಿದೆ ಎಂದು ಗೊತ್ತಾದ ಓದುಗ ಮೊದಲ ಪುಟದಿಂದಲೇ ಎಲ್ಲರನ್ನೂ ಅನುಮಾನಿಸುತ್ತಾನೆ, ಲೇಖಕರ ಅರ್ಧ ಶ್ರಮ ನೀರುಪಾಲು.

ಕಥೆ ಹೇಳದೆಯೂ ಬೆಲೆ ಕಟ್ಟಬಹುದು. 1929ರಲ್ಲಿ ಇಂಗ್ಲೆಂಡಿನ ಪತ್ತೇದಾರಿ ಲೇಖಕ ರೊನಾಲ್ಡ್ ನಾಕ್ಸ್ ಈ ಪ್ರಕಾರಕ್ಕೆ ಹತ್ತು ನಿಯಮ ಹಾಕಿದ. ಅಪರಾಧಿ ಕಥೆಯ ಆರಂಭದ ಭಾಗದಲ್ಲೇ ಕಾಣಿಸಿಕೊಂಡಿರಬೇಕು, ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗನಿಗೂ ಸಿಗಬೇಕು ಎನ್ನುವುದು ಅವುಗಳಲ್ಲಿ ಸೇರಿವೆ. ಮುಗಿಸಿದ ಮೇಲೆ ಹಿಂದಕ್ಕೆ ಹೋಗಿ ಮೂರು ಸುಳಿವು ಹುಡುಕಿ. ಸಿಕ್ಕರೆ ಆಟ ನ್ಯಾಯವಾಗಿದೆ. ಸಿಗದಿದ್ದರೆ ಹಾಗೆಂದೇ ಬರೆಯಿರಿ, ಅಪರಾಧಿಯ ಹೆಸರು ಹೇಳಬೇಕಿಲ್ಲ.

ಪ್ರಶ್ನೆ: ಮೂಲ ಭಾಷೆ ಬಾರದವರು ಅನುವಾದ ಚೆನ್ನಾಗಿಲ್ಲ ಎನ್ನಬಹುದೇ?

ಉತ್ತರ: ಮೂಲಕ್ಕೆ ನಿಷ್ಠವೋ ಅಲ್ಲವೋ ಹೇಳುವಂತಿಲ್ಲ. ಕನ್ನಡವಾಗಿದೆಯೋ ಇಲ್ಲವೋ ಎಂದು ಧಾರಾಳವಾಗಿ ಹೇಳಬಹುದು. ಇವೆರಡನ್ನೂ ಬೆರೆಸಬೇಡಿ.

ಮೊದಲು ನಂಟಿನ ಪದಗಳನ್ನು ನೋಡಿ. ಇಂಗ್ಲಿಷಿನಲ್ಲಿ ‘ಬ್ರದರ್’ ಅಂದರೆ ಮುಗಿಯಿತು. ಕನ್ನಡಕ್ಕೆ ಅಣ್ಣನೋ ತಮ್ಮನೋ ತೀರ್ಮಾನವಾಗಬೇಕು. ‘ಅಂಕಲ್’ ಚಿಕ್ಕಪ್ಪನೋ, ದೊಡ್ಡಪ್ಪನೋ, ಸೋದರಮಾವನೋ? ಎರಡನೇ ಅಧ್ಯಾಯದ ಅಣ್ಣ ಹದಿನಾಲ್ಕನೆಯದರಲ್ಲಿ ತಮ್ಮನಾಗಿದ್ದರೆ ಅನುವಾದಕರು ಆ ಮನೆಯ ವಂಶವೃಕ್ಷ ಬರೆದುಕೊಂಡಿರಲಿಲ್ಲ ಎನ್ನಬಹುದು. ಆಮೇಲೆ ನೀನು–ನೀವು. ರಷ್ಯನ್, ಫ್ರೆಂಚ್ ಭಾಷೆಗಳಲ್ಲೂ ಈ ಭೇದ ಇದೆ, ಇಂದಿನ ಇಂಗ್ಲಿಷಿನಲ್ಲಿ ಇಲ್ಲ. ರಷ್ಯನ್ ಕಾದಂಬರಿ ಇಂಗ್ಲಿಷಿನ ಮೂಲಕ ಕನ್ನಡಕ್ಕೆ ಬಂದರೆ, ಪ್ರೇಮಿಗಳು ಬಹುವಚನದಿಂದ ಏಕವಚನಕ್ಕೆ ಇಳಿದ ಆ ಗಳಿಗೆ ನಡುದಾರಿಯಲ್ಲಿ ಕಳೆದುಹೋಗಿರುತ್ತದೆ. ಕನ್ನಡದವರು ಅದನ್ನು ಊಹಿಸಿ ಕೂರಿಸಬೇಕು. ಹಾಗಾಗಿ ಯಾವ ಭಾಷೆಯಿಂದ ಅನುವಾದ ಎನ್ನುವುದನ್ನು ಮುದ್ರಣ ವಿವರದ ಪುಟದಲ್ಲಿ ನೋಡಿ. ಅಲ್ಲಿ ಆ ಮಾತೇ ಇಲ್ಲದಿದ್ದರೆ ಅದೂ ಒಂದು ಆಕ್ಷೇಪ.

ಇನ್ನೊಂದು ಪರೀಕ್ಷೆ: ಯಾವುದಾದರೂ ಒಂದು ಪುಟ ಜೋರಾಗಿ ಓದಿ. ‘ಅವನಿಂದ ಬಾಗಿಲು ತೆರೆಯಲ್ಪಟ್ಟಿತು’ ಎಂಬಂಥ ವಾಕ್ಯಗಳಿಗೆ ನಾಲಗೆ ಎಡವುತ್ತದೆ. ಬಾಗಿಲು ತೆರೆದ ಅಂದರೆ ಆಯಿತಲ್ಲ! ಪ್ರತಿ ನಾಮಪದಕ್ಕೂ ಮೊದಲು ‘ಒಂದು’, ‘ಒಬ್ಬ’ ಬಂದು ನಿಂತಿದ್ದರೂ ಅದು ಇಂಗ್ಲಿಷಿನ ನೆರಳೇ. ಇಂಥವನ್ನು ಪುಟಸಂಖ್ಯೆ ಸಮೇತ ಎರಡು ಕೊಡಿ. ಇಪ್ಪತ್ತು ಕೊಟ್ಟರೆ ವಿಮರ್ಶೆ ಹೋಗಿ ಕರಡು ತಿದ್ದುವಿಕೆ ಆಗುತ್ತದೆ.

ಪ್ರಶ್ನೆ: ವಿಜ್ಞಾನ, ಇತಿಹಾಸದ ಪುಸ್ತಕ ಸರಿಯೋ ತಪ್ಪೋ ಎಂದು ತಜ್ಞರಲ್ಲದವರು ಹೇಗೆ ಹೇಳುವುದು?

ಉತ್ತರ: ಮೊದಲ ಮುದ್ರಣದ ವರ್ಷ ನೋಡಿ. ಮರುಮುದ್ರಣ ಬೇರೆ, ಪರಿಷ್ಕೃತ ಆವೃತ್ತಿ ಬೇರೆ. ಪ್ಲೂಟೊವನ್ನು ಗ್ರಹಗಳ ಪಟ್ಟಿಯಿಂದ ಕೈಬಿಟ್ಟದ್ದು 2006ರಲ್ಲಿ. ಅದಕ್ಕೆ ಮುಂಚಿನ ಪುಸ್ತಕದ ಮರುಮುದ್ರಣ ಎಷ್ಟೇ ಹೊಸತಾದರೂ ಒಂಬತ್ತು ಗ್ರಹಗಳನ್ನೇ ಎಣಿಸುತ್ತಿರುತ್ತದೆ. ಹಳೆಯ ಕೃತಿಯಾದರೆ ಯಾವ ಆವೃತ್ತಿ ಎನ್ನುವುದನ್ನೂ ಬರೆಯಿರಿ. ಡಾರ್ವಿನ್ನನ ಜೀವಸಂಕುಲಗಳ ಉಗಮದ ಪುಸ್ತಕ ಬಂದದ್ದು 1859ರಲ್ಲಿ. ‘ಸಮರ್ಥರ ಉಳಿವು’ ಎಂಬ ಪ್ರಸಿದ್ಧ ಮಾತು ಅದರಲ್ಲಿರಲಿಲ್ಲ. ಇಂಗ್ಲೆಂಡಿನ ತತ್ತ್ವಚಿಂತಕ ಹರ್ಬರ್ಟ್ ಸ್ಪೆನ್ಸರ್ ಹುಟ್ಟುಹಾಕಿದ ಅದನ್ನು ಡಾರ್ವಿನ್ ಸೇರಿಸಿಕೊಂಡದ್ದು 1869ರ ಐದನೇ ಆವೃತ್ತಿಗೆ.

ಇತಿಹಾಸದ ಪುಸ್ತಕದಲ್ಲಿ ನಿಮಗೆ ಅಷ್ಟಿಷ್ಟು ಗೊತ್ತಿರುವ ಒಂದು ವಿಷಯವನ್ನು ಪದಸೂಚಿಯಲ್ಲಿ ಹುಡುಕಿ, ಆ ಪುಟಗಳನ್ನು ಮೊದಲು ಓದಿ. ಅಲ್ಲೇ ಎಡವಿದ್ದರೆ ಉಳಿದದ್ದನ್ನು ಅನುಮಾನದಿಂದಲೇ ಓದಬೇಕು. ಮೂರು ಅಡಿಟಿಪ್ಪಣಿ ಆರಿಸಿಕೊಂಡು, ಅವು ಮೂಲ ದಾಖಲೆಗೆ ಹೋಗುತ್ತವೋ, ಇನ್ನೊಂದು ಸಾರಾಂಶದ ಪುಸ್ತಕಕ್ಕೆ ಹೋಗುತ್ತವೋ ಗಮನಿಸಿ.

ಪ್ರಶ್ನೆ: ಕವಿತೆಗಳ ಬಗ್ಗೆ ‘ಭಾವಪೂರ್ಣ’ ಬಿಟ್ಟರೆ ಪದವೇ ಸಿಗುವುದಿಲ್ಲ.

ಉತ್ತರ: ಒಂದೇ ಕೂರಿಕೆಗೆ ಸಂಕಲನ ಮುಗಿಸಿದರೆ ಎಲ್ಲ ಕವಿತೆಯೂ ಒಂದೇ ದನಿಯಲ್ಲಿ ಕೇಳುತ್ತದೆ. ದಿನಕ್ಕೆ ಮೂರು ನಾಲ್ಕು ಸಾಕು. ಹಿಡಿಸಿದ ಕವಿತೆಯ ಸಾಲುಗಳನ್ನು ಗದ್ಯದಂತೆ ಒಟ್ಟಿಗೆ ಬರೆದು ಓದಿ. ಏನೂ ಕಳೆಯದಿದ್ದರೆ ಸಾಲು ಮುರಿದದ್ದು ಸುಮ್ಮನೆ. ಕಳೆದರೆ, ಕಳೆದದ್ದೇನೋ ಅದನ್ನು ಬರೆಯಿರಿ.

ಪ್ರಶ್ನೆ: ಅರ್ಧಕ್ಕೆ ಬಿಟ್ಟ ಪುಸ್ತಕದ ಬಗ್ಗೆ ಬರೆಯಬಹುದೇ?

ಉತ್ತರ: ಬರೆಯಬಹುದು, ಎಲ್ಲಿ ಬಿಟ್ಟಿರಿ ಎಂದು ಮೊದಲ ಸಾಲಿನಲ್ಲೇ ಹೇಳಿ. ಅಮೆರಿಕದ ಗ್ರಂಥಪಾಲಕಿ ನ್ಯಾನ್ಸಿ ಪರ್ಲ್ ಅವರ ಲೆಕ್ಕ ಹೀಗಿದೆ: 50 ವರ್ಷದೊಳಗಿನವರು 50 ಪುಟ ಓದಿ ನೋಡಬೇಕು, ಅದು ದಾಟಿದವರು 100ರಿಂದ ತಮ್ಮ ವಯಸ್ಸು ಕಳೆದರೆ ಬರುವಷ್ಟು, ಅಂದರೆ 65ರವರಿಗೆ 35 ಪುಟ. ಕಾದಂಬರಿಗೆ ಇದು ಹೊಂದುತ್ತದೆ, ಪ್ರಬಂಧ ಸಂಕಲನಕ್ಕೆ ಹೊಂದುವುದಿಲ್ಲ. ಅಲ್ಲಿ ನಡುವಿನದೊಂದು, ಕೊನೆಯದೊಂದು ಓದಿ ಬಿಡಿ. ‘72ನೇ ಪುಟಕ್ಕೆ ಬಿಟ್ಟೆ, ಆವರೆಗೆ ನಾಯಕಿ ಒಂದೂ ನಿರ್ಧಾರ ಮಾಡಿರಲಿಲ್ಲ’ ಎನ್ನುವಷ್ಟು ಬರೆದರೂ ಕೊಳ್ಳಬೇಕೋ ಬೇಡವೋ ಎಂದು ಯೋಚಿಸುತ್ತಿರುವವರಿಗೆ ಉಪಯೋಗವಾಗುತ್ತದೆ.